‘ಟೆನ್ಷನ್ ನ್ಯುಮೋಥೊರಾಕ್ಸ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಮೂಗೇಟು’ ಬಳಕೆಯಲ್ಲಿದೆಯೇ?

ಬಳಗದವರಿಗೆ ನಮಸ್ಕಾರ.

ತುರ್ತು ಚಿಕಿತ್ಸಾ ವಿಭಾಗದ ನರ್ಸ್‌ಗಳಿಗಾಗಿ, ಎದೆಗೆ ಪೆಟ್ಟು ಬಿದ್ದು ಬರುವವರ ಆರೈಕೆ ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರ ಜೊತೆ ಮಾತಾಡುವಾಗಲೂ ಅದೇ ಪದಗಳು ಬಾಯಿಗೆ ಬರಬೇಕೆಂಬ ಆಸೆ. ಪಕ್ಕೆಲುಬು, ಎದೆಗೂಡು, ವಪೆ ಇವೆಲ್ಲ ಸಲೀಸು. ತೊಡಕಾದದ್ದು ‘ಟೆನ್ಷನ್ ನ್ಯುಮೋಥೊರಾಕ್ಸ್’.

ಇದರಲ್ಲಿ ಶ್ವಾಸಕೋಶ ಹರಿದು, ಅದಕ್ಕೂ ಎದೆಗೋಡೆಗೂ ನಡುವೆ ಸೇರಿದ ಗಾಳಿ ಹೊರಬರಲಾಗದೆ ಉಸಿರಿನಿಂದ ಉಸಿರಿಗೆ ಹೆಚ್ಚುತ್ತದೆ. ಆ ಪಕ್ಕದ ಶ್ವಾಸಕೋಶ ಮುದುಡುತ್ತದೆ, ಹೃದಯ ಆಚೆ ಪಕ್ಕಕ್ಕೆ ಸರಿಯುತ್ತದೆ, ಹೃದಯಕ್ಕೆ ಮರಳುವ ರಕ್ತ ತಗ್ಗಿ ಬಿಪಿ ಬೀಳುತ್ತದೆ. ಎಕ್ಸ್‌ರೇಗೆ ಕಾಯುವಂತಿಲ್ಲ. ಕೂಡಲೇ ಸೂಜಿ ಚುಚ್ಚಿ ಗಾಳಿ ಬಿಡಬೇಕು, ಆಮೇಲೆ ಕೊಳವೆ ಹಾಕಬೇಕು.

ಇಂಥ ಗಳಿಗೆಯಲ್ಲಿ ‘ಟೆನ್ಷನ್’ ಎಂದರೆ ಮನೆಯವರು, “ಟೆನ್ಷನ್ ಮಾಡ್ಕೋಬೇಡ ಅಂತ ನಾವು ಹೇಳ್ತೀವಿ ಸಾರ್” ಎನ್ನುತ್ತಾರೆ. ‘ಒತ್ತಡ’ ಎಂದರೂ ಮನಸ್ಸಿನದೇ ನೆನಪಾಗುತ್ತದೆ. ‘ಬಿಗಿತ’ ಎಂದರೆ ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ. ಸಂಸ್ಕೃತದಿಂದ ‘ವಾಯುವಕ್ಷ’ ಎಂದು ಕಟ್ಟಬಹುದು, ಆದರೆ ನಮ್ಮಲ್ಲಿ ವಾಯು ಎಂದರೆ ಹೊಟ್ಟೆಯ ಗ್ಯಾಸು. ಬರೀ ‘ಗಾಳಿ’ ಎಂದರೆ ಹಳ್ಳಿಯ ಕಡೆ ಗಾಳಿ ಸೋಕಿನ ಮಾತೂ ಬಂದೀತು. “ಎದೆಗೂಡಲ್ಲಿ ಗಾಳಿ ಸಿಕ್ಕಿಕೊಂಡು ಹೃದಯಾನ ಒತ್ತುತ್ತಿದೆ” ಎಂದು ಬಿಡಿಸಿ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ. ಅದರಿಂದಲೇ ‘ಗಾಳಿಯೊತ್ತು’ ಎಂಬ ನಾಮಪದ ಮಾಡಿಕೊಂಡಿದ್ದೇನೆ. ಕಿವಿಗೆ ಒಪ್ಪುತ್ತದೆಯೇ?

ಇನ್ನೊಂದು, ‘ಮೂಗೇಟು’. ಹೊರಗೆ ಗಾಯ ಕಾಣದ ಒಳಪೆಟ್ಟು ಎಂಬ ಅರ್ಥದಲ್ಲಿ ನಾನು ಕೇಳಿ ಬೆಳೆದ ಪದ ಇದು. ಶ್ವಾಸಕೋಶ ಜಜ್ಜಿದಾಗ ಆಗುವುದೂ ಅದೇ: ಮೊದಲ ಎಕ್ಸ್‌ರೇ ಸರಿಯಿದ್ದಂತೆ ಕಂಡರೂ ಗಂಟೆಗಳು ಕಳೆದಂತೆ ಆಕ್ಸಿಜನ್ ಇಳಿಯತೊಡಗುತ್ತದೆ. “ಗಾಯ ಇಲ್ವಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ” ಎನ್ನುವವರನ್ನು ತಡೆದು ನಿಲ್ಲಿಸಲು ಇಷ್ಟು ಹೊಂದುವ ಪದ ಮತ್ತೊಂದು ನನಗೆ ಸಿಕ್ಕಿಲ್ಲ. ಆದರೆ ಎಳೆಯ ನರ್ಸ್‌ಗಳು ಇದನ್ನು ಮೂಗಿಗೆ ಬಿದ್ದ ಏಟು ಎಂದು ತಿಳಿಯುತ್ತಾರೆ. ಕರಾವಳಿ, ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಈ ಪದ ಓಡಾಡುತ್ತದೆಯೇ, ಇಲ್ಲವಾದರೆ ಇಂಥ ಪೆಟ್ಟಿಗೆ ಏನೆನ್ನುತ್ತೀರಿ?