ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸ್‌ಗೆ: ಬೀಳ್ಕೊಡುಗೆ ಭಾಷಣದ ಜೊತೆಗೆ ಏನು ಕಲಿಸಿ ಕಳಿಸಬೇಕು?

ಪ್ರಶ್ನೆ: ಹೈಸ್ಕೂಲ್ ಟೀಚರ್

ನಮ್ಮದು ಸರ್ಕಾರಿ ಪ್ರೌಢಶಾಲೆ, ಪೂರ್ತಿ ಕನ್ನಡ ಮಾಧ್ಯಮ. ಪ್ರತಿ ವರ್ಷ ಒಂದಷ್ಟು ಮಕ್ಕಳು ಸೈನ್ಸ್ ತಗೊಂಡು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿಗೆ ಸೇರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 85, 90 ಪರ್ಸೆಂಟ್ ತೆಗೆದವರೇ ಮೊದಲ ಟೆಸ್ಟ್ ಆಗುತ್ತಿದ್ದ ಹಾಗೆ "ಏನೂ ಅರ್ಥ ಆಗ್ತಿಲ್ಲ, ಆರ್ಟ್ಸ್‌ಗೆ ಹೋಗ್ತೀವಿ" ಅನ್ನುತ್ತಾರೆ. ಧೈರ್ಯದ ಮಾತು ಎಲ್ಲರೂ ಹೇಳುತ್ತೇವೆ, ಅದು ಜೂನ್ ತಿಂಗಳಾಚೆ ನಿಲ್ಲುತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ನಮ್ಮ ಕೈಯಲ್ಲಿದೆ. ಪಿಯು ಉಪನ್ಯಾಸಕರು ಯಾರಾದರೂ ಇದ್ದರೆ ಹೇಳಿ: ಮಕ್ಕಳು ಸರಿಯಾಗಿ ಎಲ್ಲಿ ಮುಗ್ಗರಿಸುತ್ತಾರೆ? ಆ ಎರಡು ತಿಂಗಳಲ್ಲಿ ಏನು ಮಾಡಿಸಿದರೆ ಉಪಯೋಗ?

ಉತ್ತರ: ಪಿಯು ಫಿಸಿಕ್ಸ್

ಮೇಡಂ, ಪಿಯು ಪಾಠ ಮೊದಲೇ ಮುಗಿಸಿ ಕಳಿಸಲು ಹೋಗಬೇಡಿ. ಬೇಸಿಗೆ ಬ್ರಿಡ್ಜ್ ಕೋರ್ಸ್‌ಗಳಲ್ಲಿ ಆಗುವ ದೊಡ್ಡ ತಪ್ಪೇ ಅದು. ಮಗು ಮುಗ್ಗರಿಸುವುದು ಹೊಸ ಪಾಠದಲ್ಲಿ ಅಲ್ಲ. ಆ ಪಾಠ "ಇದು ನಿನಗೆ ಬರುತ್ತದೆ" ಅಂದುಕೊಂಡು ಶುರುವಾಗುವ ಜಾಗದಲ್ಲಿ.

ಮೊದಲನೇದು ಘಾತಗಳು ಮತ್ತು ಏಕಮಾನಗಳು. ಒಂದು ಚದರ ಸೆಂಟಿಮೀಟರ್ ಎಷ್ಟು ಚದರ ಮೀಟರ್ ಎಂದರೆ ಬಹುಪಾಲು ಮಕ್ಕಳು 10⁻² ಬರೆಯುತ್ತಾರೆ. ಸರಿ ಉತ್ತರ 10⁻⁴. ಸೆಂಟಿಮೀಟರನ್ನು ಮಾತ್ರ ಬದಲಿಸಿ ವರ್ಗ ಮಾಡುವುದನ್ನು ಮರೆಯುತ್ತಾರೆ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್ ಎಂಬುದನ್ನು 5/18ರ ಸೂತ್ರ ಬಾಯಿಪಾಠ ಮಾಡಿಸದೆ, 1000 ಮೀಟರ್ ಮತ್ತು 3600 ಸೆಕೆಂಡ್ ಬರೆಸಿಯೇ ಮಾಡಿಸಿ. ನಾಲ್ಕು ದಿನ ಇದಕ್ಕೇ ಕೊಡಿ.

ಎರಡನೇದು ಸೂತ್ರ ತಿರುಗಿಸುವುದು. "ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟು ಎ ಎಸ್" ಎಲ್ಲರಿಗೂ ಬಾಯಲ್ಲಿದೆ. ಇದರಲ್ಲಿ ಎಸ್ ಒಂದನ್ನೇ ಎಡಕ್ಕೆ ತನ್ನಿ ಎಂದಾಗ ಕೈ ನಿಲ್ಲುತ್ತದೆ. ಅಂಕಿ ಕೊಟ್ಟರೆ ಮಾಡುತ್ತಾರೆ, ಅಕ್ಷರ ಉಳಿಸಿಕೊಂಡು ಮಾಡಲಾರರು. ಪಿಯುನಲ್ಲಿ ಡೆರಿವೇಶನ್ ಅನ್ನುವುದೆಲ್ಲ ಅಕ್ಷರಗಳದ್ದೇ ಲೆಕ್ಕ. ಹತ್ತನೇ ತರಗತಿಯ ಲೆನ್ಸ್ ಸೂತ್ರ, ಓಮ್‌ನ ನಿಯಮ, ಸಮಾಂತರ ರೋಧಗಳ ಸೂತ್ರ, ಇಷ್ಟನ್ನೇ ತಗೊಂಡು ದಿನಕ್ಕೆ ಐದು ಸಲ ತಿರುಗಿಸಲಿ. ಹೊಸ ಪುಸ್ತಕ ಬೇಕಿಲ್ಲ.

ಮೂರನೇದು ಮಕ್ಕಳ ತಪ್ಪೇ ಅಲ್ಲ. ಫಿಸಿಕ್ಸ್‌ನ ಎರಡನೇ ಅಧ್ಯಾಯದಲ್ಲೇ ಡೆರಿವೇಟಿವ್ (ಒಂದು ಪರಿಮಾಣ ಆ ಕ್ಷಣದಲ್ಲಿ ಬದಲಾಗುವ ದರ) ಬಳಸುತ್ತೇವೆ. ಗಣಿತದಲ್ಲಿ ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್ ಬರುವುದು ವರ್ಷದ ಕೊನೆಯ ಭಾಗಕ್ಕೆ. ಆ ನಡುವೆ ಮಗು "ನನಗೊಬ್ಬನಿಗೇ ಗೊತ್ತಿಲ್ಲ" ಅಂದುಕೊಂಡು ಕುಗ್ಗಿಬಿಡುತ್ತದೆ. ನೀವು ಡೆರಿವೇಟಿವ್ ಕಲಿಸಬೇಕಾಗಿಲ್ಲ. ದೂರ-ಕಾಲ ನಕ್ಷೆ ಬರೆಸಿ, ಇಳಿಜಾರು ಲೆಕ್ಕ ಹಾಕಿಸಿ, ಗೆರೆ ಬಾಗಿದಾಗ ಇಳಿಜಾರು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಎಂದು ತೋರಿಸಿ. ಜೊತೆಗೆ ಒಂದು ಮಾತು ಹೇಳಿ: "ಇದು ಕ್ಲಾಸಲ್ಲಿ ಯಾರಿಗೂ ಇನ್ನೂ ಬಂದಿರೋದಿಲ್ಲ."

ಉತ್ತರ: ಲೆಕ್ಕದ ಮೇಷ್ಟ್ರು

ಫಿಸಿಕ್ಸ್ ಸರ್ ಹೇಳಿದ್ದಕ್ಕೆ ತ್ರಿಕೋನಮಿತಿ ಸೇರಿಸಿ. ಹತ್ತನೇ ತರಗತಿಯಲ್ಲಿ 0ಯಿಂದ 90 ಡಿಗ್ರಿ ದಾಟುವುದಿಲ್ಲ. ಪಿಯುನಲ್ಲಿ ರೇಡಿಯನ್ (ಕೋನ ಅಳೆಯುವ ಇನ್ನೊಂದು ಏಕಮಾನ) ಬರುತ್ತದೆ, ಸೈನ್ 120 ಬರುತ್ತದೆ, ಯಾವ ಚತುರ್ಥಕದಲ್ಲಿ ಯಾವ ಚಿಹ್ನೆ ಅನ್ನುವುದು ಬರುತ್ತದೆ. 30, 45, 60ರ ಬೆಲೆಗಳನ್ನು ಕೋಷ್ಟಕದಿಂದ ಉರು ಹೊಡೆದ ಮಗು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬಾಹು 2 ಇರುವ ಸಮಬಾಹು ತ್ರಿಭುಜ ಬರೆದು ಲಂಬ ಎಳೆದು ರೂಟ್ 3 ಎಲ್ಲಿಂದ ಬಂತೆಂದು ಸ್ವತಃ ತೆಗೆದ ಮಗು ಪಾರಾಗುತ್ತದೆ.

ಇನ್ನೊಂದು ವಿಷಯ. ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಆಯ್ದ ಪಾಠಗಳು) ನೆಚ್ಚಿಕೊಂಡು ಗ್ರಾಫ್, ಪ್ರಮೇಯ, ಆಯ್ದ ಲೆಕ್ಕಗಳಲ್ಲಿ ಅಂಕ ತೆಗೆದ ಮಕ್ಕಳು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಕೇಳಿಕೊಂಡು ಬಂದರೆ ನೇರವಾಗಿ ಮಾತಾಡಿ. ಬೇಡ ಎಂದು ಹೇಳುವುದಕ್ಕಲ್ಲ, ಬಿಟ್ಟುಹೋದ ಅಧ್ಯಾಯ ಯಾವುದೆಂದು ಪಟ್ಟಿ ಮಾಡುವುದಕ್ಕೆ. ನಾಲ್ಕು ಐಚ್ಛಿಕ ವಿಷಯ, ಎರಡು ಭಾಷೆ, ಮೇಲೆ ಪ್ರಾಕ್ಟಿಕಲ್: ಹೊರೆ ಕಡಿಮೆಯೇನಲ್ಲ. ಎಂಜಿನಿಯರಿಂಗೇ ಗುರಿ, ಕೈಕೆಲಸದಲ್ಲಿ ಚುರುಕು ಅನ್ನುವ ಮಗುವಿಗೆ ಪಾಲಿಟೆಕ್ನಿಕ್ ದಾರಿಯೂ ಹೇಳಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಅದನ್ನು ಸೋತವರ ದಾರಿ ಎಂಬ ಧಾಟಿಯಲ್ಲಿ ಹೇಳುವುದು ದಯವಿಟ್ಟು ನಿಲ್ಲಲಿ.

ಹೈಸ್ಕೂಲ್ ಟೀಚರ್: ತುಂಬಾ ಉಪಕಾರ ಸರ್. ಆದರೆ ಇಂಗ್ಲಿಷ್? ಕ್ಲಾಸಲ್ಲಿ ನೋಟ್ಸ್ ಬರೆದುಕೊಳ್ಳೋಕೇ ಆಗಲ್ಲ ಅಂತಾರೆ.

ಉತ್ತರ: ಕಾಲೇಜು ಇಂಗ್ಲಿಷ್

ಅವರಿಗೆ ಬೇಕಾಗಿರುವುದು ವ್ಯಾಕರಣವಲ್ಲ, ವೇಗ. ಉಪನ್ಯಾಸಕರು "ಡಿಸ್‌ಪ್ಲೇಸ್‌ಮೆಂಟ್" ಅಂದಾಗ ಮಗು ಸ್ಪೆಲಿಂಗ್ ಯೋಚಿಸುತ್ತಾ ಕೂರುತ್ತದೆ, ಅಷ್ಟರಲ್ಲಿ ಎರಡು ವಾಕ್ಯ ಮುಂದೆ ಹೋಗಿರುತ್ತದೆ. ಹಾಗಾಗಿ ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಗೀಚಿಕೊಳ್ಳಲಿ, ಸಿಗದಿದ್ದ ಕಡೆ ಒಂದು ಸಾಲು ಖಾಲಿ ಬಿಡಲಿ. ಸಂಜೆ ಪಠ್ಯಪುಸ್ತಕ ತೆರೆದು ಸ್ಪೆಲಿಂಗ್ ತಿದ್ದಿ, ಖಾಲಿ ಸಾಲು ತುಂಬಲಿ. ಅವತ್ತಿನದು ಅವತ್ತೇ. ಮೂರು ದಿನ ಬಿಟ್ಟರೆ ತಾನು ಬರೆದದ್ದು ತನಗೇ ತಿಳಿಯುವುದಿಲ್ಲ.

ಈಗಲೇ ಒಂದು 200 ಪುಟದ ನೋಟ್‌ಬುಕ್ ಕೊಟ್ಟು, ನಡುವೆ ಗೆರೆ ಹಾಕಿಸಿ. ಎಡಗಡೆ ನಿಮ್ಮ ಪಠ್ಯದ ಪದ: ಸ್ಥಾನಪಲ್ಲಟ, ವೇಗೋತ್ಕರ್ಷ, ಸಂವೇಗ, ರೋಧ, ವಿಭವಾಂತರ, ವಕ್ರೀಭವನ, ಉತ್ಕರ್ಷಣ, ಅಂಗಾಂಶ. ಬಲಗಡೆ ಅದರ ಇಂಗ್ಲಿಷ್. ದಿನಕ್ಕೆ 15ರಂತೆ 20 ದಿನಕ್ಕೆ 300 ಆಗುತ್ತದೆ, ಮೊದಲ ತಿಂಗಳುಗಳಿಗೆ ಅದು ಸಾಕು. ಅದಕ್ಕಿಂತ ಮುಖ್ಯ, ಪ್ರಶ್ನೆಯ ಕ್ರಿಯಾಪದಗಳು: ಡಿಫೈನ್, ಸ್ಟೇಟ್, ಡಿರೈವ್, ಡಿಸ್ಟಿಂಗ್ವಿಶ್, ಅಕೌಂಟ್ ಫಾರ್. ಉತ್ತರ ಗೊತ್ತಿದ್ದೂ "ಸ್ಟೇಟ್" ಎಂದಿದ್ದಕ್ಕೆ ಒಂದು ಪುಟ ಬರೆದು ಸಮಯ ಕಳೆದುಕೊಳ್ಳುವವರು ಬಹಳ.

ಉತ್ತರ: ಕಚೇರಿ ಕಡೆಯಿಂದ

ಕಾಗದಪತ್ರದ ಮಾತು ಯಾರೂ ಎತ್ತಿಲ್ಲ. ಟಿಸಿ ಕೊಡುವ ದಿನವೇ ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ ಮಾಡಿಸಿಡಿ. ಸಿಇಟಿಯಲ್ಲಿ (ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಈ ಮೀಸಲಾತಿಗೆ 1ರಿಂದ 10ರವರೆಗಿನ ಓದು ಲೆಕ್ಕ. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಆಗಿದ್ದರೆ ಎರಡೂ ಕಡೆ ಮುಖ್ಯ ಶಿಕ್ಷಕರ ಸಹಿ ಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಎರಡು ವರ್ಷ ಬಿಟ್ಟು ಎಲ್ಲರೂ ಒಟ್ಟಿಗೆ ಓಡಾಡುವಾಗ ಇದಕ್ಕೇ ಪರದಾಟ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರವೂ (ಆ ಭಾಗದವರ ಮೀಸಲಾತಿಗೆ ಬೇಕಾದದ್ದು) ಇರಲಿ, ಅದು ಉಪವಿಭಾಗಾಧಿಕಾರಿ ಕಚೇರಿಯಿಂದ.

ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಮೆಟ್ರಿಕ್ ಪೂರ್ವ ಹಾಸ್ಟೆಲ್‌ನಲ್ಲಿದ್ದ ಮಗುವಿಗೆ ಮುಂದಿನ ಹಾಸ್ಟೆಲ್ ತಾನಾಗಿ ಸಿಗುವುದಿಲ್ಲ. ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಹೊಸದಾಗಿ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳ ಮನೆಯವರಿಗೆ ಇದನ್ನು ಮೊದಲೇ ತಿಳಿಸಿ. ಎಷ್ಟೋ ಮನೆಗಳಲ್ಲಿ ಓದು ನಿಲ್ಲುವುದು ಅಂಕಕ್ಕಲ್ಲ, ಬಸ್ಸಿನ ದೂರಕ್ಕೆ.

ಹೈಸ್ಕೂಲ್ ಟೀಚರ್: ಇನ್ನೊಂದೇ ಪ್ರಶ್ನೆ. ಮೊದಲ ಟೆಸ್ಟ್‌ನಲ್ಲಿ ಅಂಕ ಬೀಳುತ್ತೆ ಅಂತ ಮೊದಲೇ ಹೇಳಿದರೆ ಮಕ್ಕಳು ಹೆದರೋದಿಲ್ವಾ?

ಉತ್ತರ: ಪಿಯು ಫಿಸಿಕ್ಸ್

ಹೇಳದಿದ್ದರೇ ಹೆದರುವುದು, ಮೇಡಂ. "ನಮ್ಮ ಶಾಲೆಯ ಹೆಮ್ಮೆ, ಡಾಕ್ಟರ್ ಆಗಿ ಬಾ" ಎಂದು ಹಾರ ಹಾಕಿ ಕಳಿಸಿದ ಮಗು ಅಂಕ ಬಿದ್ದಾಗ ನಿಮ್ಮ ಮುಂದೆ ಬರುವುದಕ್ಕೂ ನಾಚುತ್ತದೆ. ಹೊಗಳುವುದಾದರೆ ಕಂಡದ್ದನ್ನು ಹೊಗಳಿ: "ಕಿರಣ ಚಿತ್ರದಲ್ಲಿ ನೀನು ಬಾಣದ ಗುರುತು ಒಂದು ಸಲವೂ ಬಿಟ್ಟಿಲ್ಲ." ಆ ಅಭ್ಯಾಸ ಪಿಯುನಲ್ಲೂ ಅಂಕ ತರುತ್ತದೆ, ಮಗುವಿಗೂ ಅದು ಗೊತ್ತಾಗಬೇಕು. ಈಗ ಸೆಕೆಂಡ್ ಪಿಯುನಲ್ಲಿರುವ ನಿಮ್ಮದೇ ಹಳೇ ವಿದ್ಯಾರ್ಥಿಯನ್ನು ಕರೆಸಿ, ಟಾಪರ್ ಬೇಡ, ಬಿದ್ದು ಎದ್ದವರು ಬರಲಿ, ಮೊದಲ ಟೆಸ್ಟ್‌ನ ಪೇಪರ್ ತರಲಿ.

ಟೆಸ್ಟ್ ಆದ ಮೇಲೆ ಪೇಪರ್ ಹಿಡಿದು ನಿಮ್ಮ ಹತ್ತಿರ ಬರಲು ಹೇಳಿ. ಕಳೆದುಕೊಂಡ ಪ್ರತಿ ಅಂಕದ ಪಕ್ಕ ಗುರುತು ಹಾಕಿಸಿ: ಪಾಠ ಗೊತ್ತಿರಲಿಲ್ಲವೋ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೋ, ಲೆಕ್ಕದಲ್ಲಿ ಕೈ ತಪ್ಪಿತೋ. ಕಡೆಯ ಎರಡೇ ಜಾಸ್ತಿ ಇದ್ದರೆ ಸೈನ್ಸ್ ಬಿಡುವ ಕಾರಣವಿಲ್ಲ, ಮುಂದಿನ ಟೆಸ್ಟ್‌ವರೆಗೆ ತಡೆದು ನೋಡಿ. ಎಲ್ಲ ವಿಷಯದಲ್ಲೂ ಮೊದಲನೇದೇ ತುಂಬಿದ್ದು, ಮಗುವಿಗೂ ಮನಸ್ಸಿಲ್ಲದಿದ್ದರೆ ತಡ ಮಾಡದೆ ಪ್ರಿನ್ಸಿಪಾಲರನ್ನು ಕಾಣಿ. ಕಾಂಬಿನೇಷನ್ ಬದಲಿಸಲು ವರ್ಷದ ಶುರುವಿನಲ್ಲಿ ಮಾತ್ರ ಅವಕಾಶ.