ಬೀಜಗಣಿತ ಪರೀಕ್ಷೆ: ಓದಿದರೆ ಅರ್ಥವಾಗುತ್ತದೆ, ಬಿಡಿಸಲು ಕುಳಿತರೆ ಕೈ ಓಡುವುದಿಲ್ಲ

ಪ್ರಶ್ನೆ (ವಿದ್ಯಾರ್ಥಿನಿಯ ಅಕ್ಕ)

ಪ್ರೌಢಶಾಲೆಯಲ್ಲಿ ಓದುತ್ತಿರುವ ನನ್ನ ತಂಗಿಗೆ ಇನ್ನು ಕೆಲವೇ ವಾರಗಳಲ್ಲಿ ಬೀಜಗಣಿತದ ಪರೀಕ್ಷೆಯಿದೆ. ಜೋಡಿ ರೇಖಾತ್ಮಕ ಸಮೀಕರಣಗಳು, ಅಸಮತೆಗಳು, ಬಹುಪದೋಕ್ತಿಗಳ ಅಪವರ್ತನ, ವರ್ಗ ಸಮೀಕರಣಗಳು ಹಾಗೂ ಇವುಗಳನ್ನು ಆಧರಿಸಿದ ಅನ್ವಯ ಲೆಕ್ಕಗಳು ಅದರಲ್ಲಿ ಬರುತ್ತವೆ. ಪುಸ್ತಕದಲ್ಲಿ ಬಿಡಿಸಿ ತೋರಿಸಿರುವ ಉದಾಹರಣೆಗಳನ್ನು ಓದುವಾಗ ಪ್ರತಿಯೊಂದು ಹಂತವೂ ಅವಳಿಗೆ ತಿಳಿಯುತ್ತದೆ. ಕೇಳಿದರೆ ವಿವರಿಸಿಯೂ ಹೇಳುತ್ತಾಳೆ. ಆದರೆ ಅದೇ ಬಗೆಯ ಹೊಸ ಲೆಕ್ಕವನ್ನು ಕೊಟ್ಟರೆ ಮೊದಲ ಸಾಲಿನಲ್ಲಿಯೇ ನಿಂತುಬಿಡುತ್ತಾಳೆ, ಇಲ್ಲವೇ ನಡುವೆ ಎಲ್ಲೋ ಚಿಹ್ನೆ ತಪ್ಪಿ ಉತ್ತರ ಬೇರೆಯೇ ಆಗುತ್ತದೆ. ಇನ್ನಷ್ಟು ಅಭ್ಯಾಸ ಬೇಕು ಎಂದು ಶಿಕ್ಷಕರು ಹೇಳುತ್ತಾರೆ. ಅಭ್ಯಾಸವೆಂದರೆ ಒಂದೊಂದು ಅಧ್ಯಾಯದ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸುವುದೇ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದೇ, ಸೂತ್ರಗಳನ್ನು ಬಾಯಿಪಾಠ ಮಾಡುವುದೇ? ಉಳಿದಿರುವ ಸಮಯವನ್ನು ಯಾವುದಕ್ಕೆ ಕೊಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಗಣಿತ ಬೋಧಕ)

ಬೇರೆಯವರು ಬಿಡಿಸಿದ್ದನ್ನು ಓದಿ ಒಪ್ಪುವುದು ಒಂದು ಸಾಮರ್ಥ್ಯ. ಖಾಲಿ ಹಾಳೆಯ ಮೇಲೆ ಮುಂದಿನ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುವುದು ಇನ್ನೊಂದು. ನಿಮ್ಮ ತಂಗಿಗೆ ಮೊದಲನೆಯದು ಬಂದಿದೆ, ಪರೀಕ್ಷೆ ಅಳೆಯುವುದು ಎರಡನೆಯದನ್ನು. ಆದ್ದರಿಂದ ಅವಳು ಉದಾಹರಣೆಯನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಅದೇ ಲೆಕ್ಕವನ್ನು ಮೊದಲಿನಿಂದ ಬರೆಯಲಿ. ಎಲ್ಲಿ ನಿಲ್ಲುತ್ತಾಳೋ ಅಲ್ಲಿ ಒಂದೇ ಒಂದು ಸಾಲನ್ನು ನೋಡಿಕೊಂಡು ಮತ್ತೆ ಪುಸ್ತಕ ಮುಚ್ಚಲಿ. ಮರುದಿನ ಅದೇ ಲೆಕ್ಕವನ್ನು ಸಂಖ್ಯೆಗಳನ್ನು ಬದಲಿಸಿ ಕೊಡಿ. ಇದು ನಿಧಾನದ ಕೆಲಸ, ಒಂದು ಗಂಟೆಯಲ್ಲಿ ಮುಗಿಯುವ ಲೆಕ್ಕಗಳು ಕಡಿಮೆಯೇ. ಆದರೂ ಓದುತ್ತಾ ಹೋದ ಹತ್ತು ಉದಾಹರಣೆಗಳಿಗಿಂತ ಹೀಗೆ ಬರೆದ ಮೂರು ಲೆಕ್ಕಗಳು ಹೆಚ್ಚು ನಿಲ್ಲುತ್ತವೆ.

ಚಿಹ್ನೆ ತಪ್ಪುತ್ತದೆ ಎಂದಿದ್ದೀರಿ. ಆ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ತಪ್ಪುಗಳು ಅಡಗಿರುತ್ತವೆ, ಪ್ರತಿಯೊಂದಕ್ಕೂ ಮದ್ದು ಬೇರೆ. (ಅವ್ಯಕ್ತವನ್ನು ಇಲ್ಲಿ ‘ಯ’ ಎಂದು ಬರೆಯುತ್ತೇನೆ.) 7 − 2(ಯ − 3) ಎಂಬುದನ್ನು 1 − 2ಯ ಎಂದು ಬರೆಯುವವರಿಗೆ ಋಣಚಿಹ್ನೆ ಆವರಣದೊಳಗಿನ ಎರಡನೆಯ ಪದಕ್ಕೂ ಸಲ್ಲುತ್ತದೆ ಎಂಬುದು ಗಟ್ಟಿಯಾಗಿಲ್ಲ, ಅದೇ ಲೆಕ್ಕವನ್ನು 5(ಯ − 3) ಎಂದು ಬರೆಯುವವರು ಗುಣಾಕಾರಕ್ಕಿಂತ ಮೊದಲು ವ್ಯವಕಲನ ಮಾಡಿದ್ದಾರೆ. ಸರಿಯಾದ ಉತ್ತರ 13 − 2ಯ. ಇಬ್ಬರಿಗೂ ‘ಎಚ್ಚರಿಕೆಯಿಂದ ಮಾಡು’ ಎಂದರೆ ಏನೂ ಆಗುವುದಿಲ್ಲ, ಏಕೆಂದರೆ ಇಬ್ಬರೂ ಎಚ್ಚರಿಕೆಯಿಂದಲೇ ತಪ್ಪು ನಿಯಮವನ್ನು ಅನುಸರಿಸಿದ್ದಾರೆ. ಹಾಗೆಯೇ (ಯ + 3)² ಅನ್ನು ಯ² + 9 ಎಂದು ಬರೆಯುವುದು, −2ಯ > 6 ಎಂಬುದರಿಂದ ಯ > −3 ಎಂದು ತೀರ್ಮಾನಿಸುವುದು, ಯ² = 5ಯ ಎಂಬಲ್ಲಿ ಎರಡೂ ಕಡೆ ‘ಯ’ದಿಂದ ಭಾಗಿಸಿ ಸೊನ್ನೆ ಎಂಬ ಮೂಲವನ್ನು ಕಳೆದುಕೊಳ್ಳುವುದು, ಇವೆಲ್ಲ ಪ್ರತಿ ತರಗತಿಯಲ್ಲೂ ಕಾಣುವ ತಪ್ಪುಗಳು. ಅವಳ ಹಳೆಯ ಪುಸ್ತಕಗಳನ್ನು ತೆರೆದು, ತಪ್ಪಾದ ಲೆಕ್ಕಗಳಲ್ಲಿ ಮೊದಲು ತಪ್ಪಿದ ಸಾಲಿಗೆ ಮಾತ್ರ ಗುರುತು ಹಾಕಿಸಿ. ಎರಡು ಮೂರು ಬಗೆಯ ತಪ್ಪುಗಳೇ ಮತ್ತೆ ಮತ್ತೆ ಬರುತ್ತಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಮೊದಲ ವಾರದ ಕೆಲಸ ಅವುಗಳದ್ದೇ ಆಗಲಿ.

ಸಂಶಯ ಬಂದ ಕೂಡಲೇ ಒಂದು ಸಣ್ಣ ಸಂಖ್ಯೆಯನ್ನು ಹಾಕಿ ನೋಡುವುದು ರೂಢಿಯಾಗಬೇಕು. ಯ = 1 ಎಂದರೆ (ಯ + 3)² ಎಂಬುದು 16, ಯ² + 9 ಎಂಬುದು 10; ಎರಡೂ ಒಂದೇ ಅಲ್ಲ ಎಂದು ಯಾರನ್ನೂ ಕೇಳದೆ ತಿಳಿಯಿತು. ಜೋಡಿ ಸಮೀಕರಣಗಳಲ್ಲಿ ತಾಳೆ ನೋಡುವವರೂ ಎಡವುವ ಒಂದು ಜಾಗವಿದೆ. ವರ್ಜಿಸುವ ವಿಧಾನದಿಂದ ಒಂದು ಅವ್ಯಕ್ತದ ಬೆಲೆ ಕಂಡುಹಿಡಿದು, ಅದನ್ನು ಮೊದಲ ಸಮೀಕರಣದಲ್ಲಿ ಹಾಕಿ ಇನ್ನೊಂದನ್ನು ಪಡೆದ ಮೇಲೆ, ತಾಳೆಯನ್ನೂ ಅದೇ ಮೊದಲ ಸಮೀಕರಣದಲ್ಲಿ ನೋಡಿದರೆ ಬೆಲೆ ತಪ್ಪಾಗಿದ್ದರೂ ಅದು ಸರಿಹೊಂದಿಯೇ ಹೊಂದುತ್ತದೆ. ಆದ್ದರಿಂದ ತಾಳೆಯನ್ನು ಎರಡನೆಯ ಸಮೀಕರಣದಲ್ಲಿ ನೋಡಲೇಬೇಕು.

ಉತ್ತರ 2 (ಒಬ್ಬ ತಂದೆ)

ಅನ್ವಯ ಲೆಕ್ಕಗಳ ಬಗ್ಗೆ ಮಾತ್ರ ಸೇರಿಸುತ್ತೇನೆ. ಮಕ್ಕಳು ಅಲ್ಲಿ ನಿಲ್ಲುವುದು ಬೀಜಗಣಿತ ಬಾರದೆ ಅಲ್ಲ. ಲೆಕ್ಕವನ್ನು ಓದುತ್ತಿರುವಾಗಲೇ ಸಮೀಕರಣ ಬರೆಯಲು ಹೊರಡುವುದರಿಂದ. ಉದಾಹರಣೆಗೆ, 240 ಕಿಲೋಮೀಟರ್ ದೂರವನ್ನು ಕ್ರಮಿಸುವ ಬಂಡಿಯೊಂದರ ವೇಗ ಗಂಟೆಗೆ 20 ಕಿಲೋಮೀಟರ್ ಹೆಚ್ಚಾಗಿದ್ದರೆ ಒಂದು ಗಂಟೆ ಕಡಿಮೆ ಸಾಕಾಗುತ್ತಿತ್ತು, ಹಾಗಾದರೆ ಮೂಲ ವೇಗವೆಷ್ಟು ಎಂಬ ಲೆಕ್ಕವನ್ನು ತೆಗೆದುಕೊಳ್ಳಿ. ಯಾವುದು ಗೊತ್ತಿಲ್ಲ, ಎರಡು ಸಂದರ್ಭಗಳಲ್ಲಿ ಯಾವುದು ಬದಲಾಗಿಲ್ಲ, ಯಾವುದು ಎಷ್ಟು ಬದಲಾಗಿದೆ ಎಂಬುದನ್ನು ಮೊದಲು ಮಾತಿನಲ್ಲಿಯೇ ಬರೆಯಬೇಕು. ದೂರ ಬದಲಾಗಿಲ್ಲ; ಹಳೆಯ ಕಾಲದಿಂದ ಹೊಸ ಕಾಲವನ್ನು ಕಳೆದರೆ ಒಂದು ಗಂಟೆ. ಇಷ್ಟು ಬರೆದ ಮೇಲೆ 240/ಯ − 240/(ಯ + 20) = 1 ಎಂಬ ಸಮೀಕರಣ ತಾನಾಗಿಯೇ ಬರುತ್ತದೆ. ಅದನ್ನು ಸರಳಗೊಳಿಸಿದರೆ ಯ² + 20ಯ − 4800 = 0; ಮೂಲಗಳು 60 ಮತ್ತು −80. ವೇಗ ಋಣವಾಗಿರಲಾರದು ಎಂಬ ಕಾರಣವನ್ನು ಬರೆದೇ −80 ಅನ್ನು ಬಿಡಬೇಕು. ಕೊನೆಗೆ ಉತ್ತರವನ್ನು ಸಮೀಕರಣದಲ್ಲಿ ಅಲ್ಲ, ಲೆಕ್ಕದ ಮಾತಿನಲ್ಲಿಯೇ ತಾಳೆ ನೋಡಬೇಕು: 60ರ ವೇಗಕ್ಕೆ 4 ಗಂಟೆ, 80ರ ವೇಗಕ್ಕೆ 3 ಗಂಟೆ. ಸಮೀಕರಣವನ್ನೇ ತಪ್ಪಾಗಿ ಬರೆದಿದ್ದರೆ ಅದು ಇಲ್ಲಿ ಮಾತ್ರ ಗೊತ್ತಾಗುತ್ತದೆ.

ಉತ್ತರ 3 (ಗಣಿತ ವಿದ್ಯಾರ್ಥಿ)

ಸೂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ವರ್ಗ ಸಮೀಕರಣದ ಸೂತ್ರವನ್ನು ನೆನಪಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಎಲ್ಲಿಂದ ಬಂದಿತೆಂದು ತಿಳಿಯದೆ ಬಾಯಿಪಾಠ ಮಾಡಿದವರು ಪರೀಕ್ಷೆಯ ಗಾಬರಿಯಲ್ಲಿ ಛೇದವನ್ನೋ ಚಿಹ್ನೆಯನ್ನೋ ಮರೆತರೆ ಅದನ್ನು ಮರಳಿ ಪಡೆಯುವ ದಾರಿ ಅವರಿಗಿರುವುದಿಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಶ್ರೀಧರಾಚಾರ್ಯರದೆಂದು ಉಲ್ಲೇಖಿಸಿರುವ ವಿಧಾನವೊಂದಿದೆ: ಅಯ² + ಬಯ + ಕ = 0 ಎಂಬ ಸಮೀಕರಣದಲ್ಲಿ ‘ಕ’ವನ್ನು ಬಲಭಾಗಕ್ಕೆ ಒಯ್ದು, ಎರಡೂ ಕಡೆಯನ್ನು 4ಅ ಇಂದ ಗುಣಿಸಿ, ಬ² ಕೂಡಿಸುವುದು. ಆಗ ಎಡಭಾಗ (2ಅಯ + ಬ)² ಎಂಬ ಪೂರ್ಣ ವರ್ಗವಾಗುತ್ತದೆ, ಬಲಭಾಗದಲ್ಲಿ ಬ² − 4ಅಕ ಉಳಿಯುತ್ತದೆ. ಭಿನ್ನರಾಶಿಗಳು ಕೊನೆಯ ಸಾಲಿನವರೆಗೂ ಬರುವುದಿಲ್ಲ ಎಂಬುದೇ ಇದರ ಸೊಗಸು. 3ಯ² + 5ಯ − 2 = 0 ಎಂಬುದನ್ನು 12ರಿಂದ ಗುಣಿಸಿ 25 ಕೂಡಿಸಿದರೆ (6ಯ + 5)² = 49; ಆದ್ದರಿಂದ 6ಯ + 5 ಎಂಬುದು 7 ಅಥವಾ −7, ಮೂಲಗಳು 1/3 ಮತ್ತು −2. ಹೀಗೆ ಕೆಲವು ಲೆಕ್ಕಗಳನ್ನು ಬಿಡಿಸಿದವರಿಗೆ ಸೂತ್ರವನ್ನು ಪ್ರತ್ಯೇಕವಾಗಿ ಉರುಹೊಡೆಯುವ ಅಗತ್ಯ ಬೀಳುವುದಿಲ್ಲ.

ಅಪವರ್ತನ ಪ್ರಯತ್ನಿಸಬೇಕೋ ಬೇಡವೋ ಎಂಬುದನ್ನೂ ಶೋಧಕವಾದ ಬ² − 4ಅಕ ಹೇಳುತ್ತದೆ. ಸಹಗುಣಕಗಳು ಪೂರ್ಣಾಂಕಗಳಾಗಿದ್ದು ಶೋಧಕ ಪೂರ್ಣ ವರ್ಗವಾಗಿದ್ದರೆ ಮಧ್ಯಪದವನ್ನು ಒಡೆದು ಅಪವರ್ತಿಸಬಹುದು. ಇಲ್ಲದಿದ್ದರೆ ಆ ಹುಡುಕಾಟದಲ್ಲಿ ಸಮಯ ಕಳೆಯದೆ ನೇರವಾಗಿ ಸೂತ್ರಕ್ಕೆ ಹೋಗಬೇಕು. ಕೊನೆಗೆ ಮೂಲಗಳ ಮೊತ್ತ −ಬ/ಅ, ಗುಣಲಬ್ಧ ಕ/ಅ ಆಗಿದೆಯೇ ಎಂದು ನೋಡಲು ಕೆಲವೇ ಕ್ಷಣಗಳು ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಪುಸ್ತಕ ತೆರೆದು ನೋಡಿದೆವು. ಗುರುತು ಹಾಕಿದ ಸಾಲುಗಳಲ್ಲಿ ಹೆಚ್ಚಿನವು ಆವರಣ ಬಿಡಿಸುವಾಗಿನವು, ಉಳಿದವು ಅಪವರ್ತನದವು. ಇನ್ನೊಂದು ಸಂದೇಹವಿದೆ. ಒಂದು ಅಧ್ಯಾಯವನ್ನು ಮಾಡುತ್ತಿರುವಾಗ ಅವಳಿಗೆ ಅದು ಸಲೀಸಾಗಿ ಬರುತ್ತದೆ, ಆದರೆ ಪ್ರಶ್ನೆಪತ್ರಿಕೆಯನ್ನು ಕೈಗೆ ಕೊಟ್ಟರೆ ಯಾವ ವಿಧಾನವೆಂದು ಹೊಳೆಯುವುದಿಲ್ಲ. ಇದಕ್ಕೇನು ಮಾಡಬೇಕು?

ಉತ್ತರ 1 (ಗಣಿತ ಬೋಧಕ)

ಅಧ್ಯಾಯದ ಶೀರ್ಷಿಕೆಯೇ ಅಲ್ಲಿ ವಿಧಾನವನ್ನು ಹೇಳಿಕೊಟ್ಟುಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಆಸರೆಯಿಲ್ಲ. ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಸಣ್ಣ ಚೀಟಿಗಳ ಮೇಲೆ ಬರೆದು ಬೆರೆಸಿ, ಒಂದೊಂದನ್ನೇ ತೆಗೆದು ಕೊಡಿ. ಬಿಡಿಸುವುದು ಬೇಡ, ಯಾವ ವಿಧಾನ, ಏಕೆ, ಮೊದಲ ಸಾಲು ಏನು ಎಂಬುದನ್ನಷ್ಟೇ ಅವಳು ಹೇಳಲಿ. ಅರ್ಧ ಗಂಟೆಯಲ್ಲಿ ಇಂತಹ ಬಹಳಷ್ಟು ಚೀಟಿಗಳನ್ನು ನೋಡಬಹುದು. ಉತ್ತರಗಳು ತಡವರಿಸದೆ ಬರತೊಡಗಿದ ಮೇಲೆ ಗಡಿಯಾರವಿಟ್ಟು ಪೂರ್ಣ ಪ್ರಶ್ನೆಪತ್ರಿಕೆಗಳನ್ನು ಆರಂಭಿಸಿ, ಅದಕ್ಕೆ ಮೊದಲು ಬೇಡ. ಇರುವ ಕೆಲವೇ ಒಳ್ಳೆಯ ಪತ್ರಿಕೆಗಳು ಸಿದ್ಧತೆಯಿಲ್ಲದಾಗಲೇ ಮುಗಿದುಹೋಗಬಾರದು.

ನೀವು ಕಂಡುಕೊಂಡಿರುವುದನ್ನು ನೋಡಿದರೆ ಅಪವರ್ತನಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಒಳ್ಳೆಯದು, ಏಕೆಂದರೆ ವರ್ಗ ಸಮೀಕರಣಗಳೂ ಅವುಗಳಿಂದ ಹುಟ್ಟುವ ಅನ್ವಯ ಲೆಕ್ಕಗಳೂ ಅದನ್ನೇ ನೆಚ್ಚಿಕೊಂಡಿವೆ. ಅಪವರ್ತಿಸಿದ ಪ್ರತಿ ಬಾರಿಯೂ ಅಪವರ್ತನಗಳನ್ನು ಮತ್ತೆ ಗುಣಿಸಿ ಮೂಲ ಬಹುಪದೋಕ್ತಿ ಬಂದಿತೇ ಎಂದು ನೋಡಲಿ. ಆವರಣ ಬಿಡಿಸುವ ಅಭ್ಯಾಸವೂ ಅದರಲ್ಲಿಯೇ ಆಗಿಹೋಗುತ್ತದೆ.