ಗ್ರಾಮಸಭೆ, ಮನೆ ಪಟ್ಟಿ, ನಿವೇಶನ: ನಿವೃತ್ತ ಪಿಡಿಒ ಅವರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವಸತಿ ಯೋಜನೆಗೆ ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆಗಳು ನಮ್ಮ ಸುತ್ತಮುತ್ತ ಶುರುವಾಗಿವೆ. ಮೊದಲು ಪಂಚಾಯಿತಿ ಕಾರ್ಯದರ್ಶಿಯಾಗಿ, ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಗುಂಪಿನ ಹಿರಿಯರು ಇವತ್ತು ಉತ್ತರ ಕೊಡುತ್ತಾರೆ. ದಯವಿಟ್ಟು ಹೆಸರು, ಫೋನ್, ಆಧಾರ್ ನಂಬರ್ ಹಾಕಬೇಡಿ. ಊರಿನ ಹೆಸರೂ ಬೇಡ.

ಟೈಲರ್ ಅಕ್ಕ: ಸರ್, ಮನೆ ಯಾರಿಗೆ ಅಂತ ನಿಜಕ್ಕೂ ತೀರ್ಮಾನ ಮಾಡುವವರು ಯಾರು? ನಮ್ಮ ಮೆಂಬರ್ "ನಾನೇ ಬರೆಸ್ತೀನಿ ಬಾ" ಅಂತಾರೆ.

ಪಿಡಿಒ: ಮೆಂಬರ್ ಒಬ್ಬರೇ ಬರೆಸಲು ಬರುವುದಿಲ್ಲಮ್ಮ. ಹಳ್ಳಿಯಲ್ಲಿ ಆರಿಸುವುದು ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು, ನೀವೂ ಸೇರಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಕೂತಿರಬೇಕು. ಅದರಲ್ಲಿ ನೂರಕ್ಕೆ 30 ಹೆಂಗಸರು ಇರಬೇಕು. ಆದರೆ ಆಗುವುದೇನು? ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ಸಹಿ, ಒಂದು ಲೋಟ ಟೀ, ಜನ ಮನೆಗೆ. ಹೆಸರು ಓದುವ ಹೊತ್ತಿಗೆ ಹತ್ತು ಜನ ಉಳಿದಿರುವುದಿಲ್ಲ. ಹೆಸರು ಮಾಯವಾಗುವುದು ಆಗಲೇ. ಕೊನೆಯವರೆಗೆ ಕೂತಿರಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದದ್ದನ್ನು ಕಣ್ಣಾರೆ ನೋಡಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಸಹಿ ಹಾಕಬೇಡಿ.

ಗ್ಯಾರೇಜ್ ಹುಡುಗ: ಸರ್ ಬೈಕ್ ಇದ್ದರೆ ಮನೆ ಸಿಗಲ್ವಾ?

ಪಿಡಿಒ: ಸಿಗುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬೈಕ್, ಫ್ರಿಜ್, ಲ್ಯಾಂಡ್‌ಲೈನ್ ಫೋನ್ ಇದ್ದವರಿಗೆ ಇಲ್ಲ ಎನ್ನುವ ನಿಯಮವನ್ನು 2024ರಲ್ಲಿ ತೆಗೆದಿದ್ದಾರೆ. ಮೂರು ಅಥವಾ ನಾಲ್ಕು ಚಕ್ರದ ಗಾಡಿ ಇದ್ದರೆ ಇಲ್ಲ.

ಆಟೋ ಅಣ್ಣ: ಇದ್ಯಾವ ನ್ಯಾಯ ಸರ್? ನನ್ನದು ಸಾಲದ ಆಟೋ. ತಿಂಗಳ ಕಂತು ಕಟ್ಟಿದರೆ ಅಕ್ಕಿಗೆ ಉಳಿಯಲ್ಲ. ಮನೆ ಸೋರುತ್ತೆ. ಪಕ್ಕದ ಮನೆಯವರಿಗೆ ನಾಲ್ಕೂವರೆ ಎಕರೆ ಖುಷ್ಕಿ ಇದೆ, ಅವರಿಗೆ ಮಾತ್ರ ಸಿಗುತ್ತೆ!

ಪಿಡಿಒ: ನಿಮ್ಮ ಮಾತು ಸರಿ. ಮಳೆಯಾಶ್ರಿತ ಜಮೀನು 5 ಎಕರೆ ಮುಟ್ಟಿದರೆ ಮಾತ್ರ ಹೊರಗೆ, ನೀರಾವರಿಯಾದರೆ 2.5 ಎಕರೆ. ಆದರೆ ಆಟೋಗೆ ಸಾಲ ಇದೆಯಾ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ. ಇದು ಕೇಂದ್ರದ ನಿಯಮ, ಗ್ರಾಮಸಭೆ ಬದಲಾಯಿಸಲು ಆಗದು. ರಾಜ್ಯದ ಬಸವ ವಸತಿ ಅಥವಾ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಕೇಳಿ ನೋಡಿ. ಅವುಗಳ ನಿಯಮ ಬೇರೆ.

ಸ್ಟುಡಿಯೋ ಮಂಜಣ್ಣ: *ಶುಭ ಸುದ್ದಿ!! ಎಲ್ಲ ಬಡವರಿಗೂ ಉಚಿತ ಮನೆ. ಕೆಳಗಿನ ಲಿಂಕ್ ಒತ್ತಿ, ಆಧಾರ್ ಮತ್ತು ಬ್ಯಾಂಕ್ ಖಾತೆ ತುಂಬಿ. ಇಂದು ಕೊನೆ ದಿನ. 10 ಗ್ರೂಪಿಗೆ ಕಳುಹಿಸಿ.*

ಪಿಡಿಒ: ಅಡ್ಮಿನ್, ಇದನ್ನು ತೆಗೆಯಿರಿ. ಈ ಲಿಂಕ್ ಯಾರೂ ಒತ್ತಬೇಡಿ. ಫಾರ್ವರ್ಡ್ ಮಾಡಿದ ಲಿಂಕಿನಿಂದ ಯಾರಿಗೂ ಮನೆ ಮಂಜೂರಾಗಿಲ್ಲ. ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ.

ಸ್ಟುಡಿಯೋ ಮಂಜಣ್ಣ: ಬಂದಿದ್ದನ್ನ ಹಾಕಿದೆ ಅಷ್ಟೇ ಸರ್. ಉಪಯೋಗ ಆಗ್ಲಿ ಅಂತ.

ಬಿಸಿಯೂಟದ ಅಕ್ಕ: ಸರ್ ನಮಸ್ತೆ. ನಾನು ಶಾಲೆಯಲ್ಲಿ ಅಡುಗೆ ಮಾಡುತ್ತೇನೆ. ಯಜಮಾನರು ತೀರಿ ಏಳು ವರ್ಷ. ಇಬ್ಬರು ಹೆಣ್ಣುಮಕ್ಕಳು. ಊರ ಅಂಚಿನ ಸರ್ಕಾರಿ ಜಾಗದಲ್ಲಿ ತಗಡಿನ ಮನೆ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಇದ್ದೇನೆ. ಕರೆಂಟ್ ಮೀಟರ್ ಇದೆ, ಬೇರೆ ಕಾಗದ ಇಲ್ಲ. ಹೋದ ಸಲ ಗ್ರಾಮಸಭೆಯಲ್ಲಿ ನನ್ನ ಹೆಸರು ಓದಿದರು, ಎಲ್ಲರೂ ಒಪ್ಪಿದರು. ಮೂರು ತಿಂಗಳಾದ ಮೇಲೆ ಕಚೇರಿಯಲ್ಲಿ ಜಾಗದ ದಾಖಲೆ ಕೇಳಿದರು. ಇಲ್ಲ ಅಂದೆ. ಹೆಸರು ತೆಗೆದುಬಿಟ್ಟರು. ಈಗ ಒಬ್ಬರು ಹದಿನೈದು ಸಾವಿರ ಕೇಳುತ್ತಿದ್ದಾರೆ. ನನ್ನ ಮೈದುನನ ನಿವೇಶನ ತೋರಿಸಿ ಬಿಲ್ ಮಾಡಿಸಿಕೊಡ್ತಾರಂತೆ. ಕೊಡಬಹುದಾ ಸರ್?

ಪಿಡಿಒ: ಕೊಡಬೇಡಿ ತಾಯಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಮ್ಮ ಮಗಳ ಕೈಲಿ ಓದಿಸಿಕೊಳ್ಳಿ.

ಪಂಚಾಯಿತಿಯಲ್ಲಿ ಎರಡು ಪಟ್ಟಿ ಇರುತ್ತದೆ. ಒಂದು ವಸತಿರಹಿತರದ್ದು, ಅಂದರೆ ಸ್ವಂತ ಜಾಗ ಇದೆ, ಮನೆ ಇಲ್ಲ. ಇನ್ನೊಂದು ನಿವೇಶನರಹಿತರದ್ದು, ಜಾಗವೂ ಇಲ್ಲ. ನೀವು ಎರಡನೆಯದರಲ್ಲಿ ಬರಬೇಕಾದವರು. ಯಾರೋ ನಿಮ್ಮನ್ನು ಮೊದಲನೆಯದರಲ್ಲಿ ಬರೆದಿದ್ದಾರೆ. ಅಲ್ಲಿ ಇ-ಸ್ವತ್ತಿನ ಫಾರಂ 9, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಕೇಳಿಯೇ ಕೇಳುತ್ತಾರೆ. ನಿಮ್ಮ ಹತ್ತಿರ ಅದು ಇರಲು ಸಾಧ್ಯವೇ ಇಲ್ಲ. ಒಂದು ಕಾಲಂ ತಪ್ಪಿದ್ದಕ್ಕೆ ನಿಮ್ಮ ಹೆಸರು ಹೋಯಿತು. ನನ್ನ ಸೇವೆಯಲ್ಲಿ ಅತಿ ಹೆಚ್ಚು ನೋಡಿದ ಅನ್ಯಾಯ ಇದೇ. ತುಂಬಾ ಸಲ ಅದು ಬೇಕಂತ ಮಾಡಿದ್ದೂ ಆಗಿರುವುದಿಲ್ಲ.

ಈಗ ಎರಡು ದಾರಿ ಇದೆ, ಎರಡನ್ನೂ ಹಿಡಿಯಿರಿ. ಒಂದು, ಈಗಿರುವ ಮನೆಯನ್ನೇ ಸಕ್ರಮ ಮಾಡಿಸುವುದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಬಹಳ ವರ್ಷದಿಂದ ವಾಸ ಇರುವವರಿಗೆ ಭೂ ಕಂದಾಯ ಕಾಯ್ದೆಯಲ್ಲಿ 94ಸಿ ಅಂತ ಕಲಂ ಇದೆ. ಅರ್ಜಿ ಹೋಗುವುದು ತಹಶೀಲ್ದಾರರಿಗೆ, ಪಂಚಾಯಿತಿಗಲ್ಲ. ಅದಕ್ಕೆ ಗಡುವು ಇರುತ್ತದೆ. ಈಗ ತೆರೆದಿದೆಯಾ ಅಂತ ನಾಡಕಚೇರಿಯಲ್ಲಿ ಕೇಳಿ. ನಿಮ್ಮ ಕರೆಂಟ್ ಬಿಲ್, ಮತದಾರರ ಪಟ್ಟಿಯ ಹಳೇ ಪ್ರತಿ, ರೇಷನ್ ಕಾರ್ಡ್, ಮಕ್ಕಳ ಶಾಲೆ ದಾಖಲಾತಿಯಲ್ಲಿರುವ ವಿಳಾಸ, ಎಲ್ಲ ಒಟ್ಟು ಮಾಡಿ. ಹಳೆಯದಾದಷ್ಟೂ ಒಳ್ಳೆಯದು.

ಎರಡು, ಬರುವ ಗ್ರಾಮಸಭೆಗೆ ಲಿಖಿತ ಅರ್ಜಿ ಕೊಡಿ. "ನನ್ನನ್ನು ನಿವೇಶನರಹಿತರ ಪಟ್ಟಿಗೆ ಸೇರಿಸಿ. ಹೋದ ಸಭೆಯಲ್ಲಿ ಆಯ್ಕೆಯಾದ ನನ್ನ ಹೆಸರನ್ನು ಯಾವ ಆದೇಶದಿಂದ ತೆಗೆದಿರಿ ಎಂದು ಬರಹದಲ್ಲಿ ತಿಳಿಸಿ." ಇಷ್ಟೇ ಸಾಕು. ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಹೋದ ಸಭೆಯ ನಡಾವಳಿ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಬರೆಯಿರಿ.

ಮೈದುನನ ಜಾಗದ ವಿಷಯ ಕೇಳಿ. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಹೀಗೇ ಭಾವನ ನಿವೇಶನದಲ್ಲಿ ಕಟ್ಟಿಸಿಕೊಂಡಳು. ತಳಪಾಯ, ಲಿಂಟಲ್, ಚಾವಣಿ, ಪ್ರತಿ ಹಂತದ ಫೋಟೋದಲ್ಲೂ ಅವಳೇ ನಿಂತಿದ್ದಳು. ಬಿಲ್ ಅವಳ ಖಾತೆಗೇ ಬಂತು. ಮೇಲೆ ಸಾಲ ಮಾಡಿ ಬಾಗಿಲು ಕೂಡಿಸಿದಳು. ಆಮೇಲೆ ಅಣ್ಣತಮ್ಮಂದಿರ ಜಗಳ ಬಂತು, ಅವಳನ್ನು ಹೊರಗೆ ಹಾಕಿದರು. ನಾನು ಹೋದಾಗ ಅವಳು ಎದುರು ಜಗಲಿಯಲ್ಲಿ ಕೂತಿದ್ದಳು. ಆ ಮನೆ ಗೋಡೆ ಮೇಲೆ ಅವಳ ಹೆಸರು, ಯೋಜನೆ ಹೆಸರು, ನೀಲಿ ಬಣ್ಣದಲ್ಲಿ ಬರೆದದ್ದು ಇನ್ನೂ ಮಾಸಿರಲಿಲ್ಲ. ಜಾಗ ಅವಳದಲ್ಲ, ಹಾಗಾಗಿ ನಾನು ಏನೂ ಮಾಡಲು ಆಗಲಿಲ್ಲ. ಮನೆ ಪಡೆದವಳು ಅಂತ ದಾಖಲಾಗಿತ್ತು, ಮತ್ತೆ ಅರ್ಜಿ ಹಾಕಲೂ ಆಗಲಿಲ್ಲ. ನಿಮಗೆ ಹಾಗಾಗುವುದು ಬೇಡ.

ಬಿಸಿಯೂಟದ ಅಕ್ಕ: ಓದಿಸಿಕೊಂಡೆ ಸರ್. ಅರ್ಜಿ ಬರೆಸುತ್ತೇನೆ.

ಹೊಸ ಸದಸ್ಯ: ಬೈಕ್ ಇದ್ದವರಿಗೆ ಮನೆ ಕೊಡ್ತಾರಾ?

ಪಿಡಿಒ: ಮೇಲೆ ಇದೆ.

ರಸ್ತೆ ಬದಿ ಅಂಗಡಿಯವರು: ಸರ್ ನಮ್ಮ ಊರಲ್ಲಿ ಒಬ್ಬರು ಹೇಳಿದರು, ಗೋಮಾಳದಲ್ಲಿ ರಾತ್ರೋರಾತ್ರಿ ಶೀಟ್ ಹಾಕಿ ಹಳೇ ತಾರೀಖಿನ ಕಂದಾಯ ರಸೀದಿ ಮಾಡಿಸಿದರೆ 94ಸಿ ಆಗುತ್ತಂತೆ. ಯೂಟ್ಯೂಬಲ್ಲೂ ಇದೆ.

ಪಿಡಿಒ: ಹಳೇ ತಾರೀಖಿನ ರಸೀದಿ ಮಾಡಿಸುವುದು ಅಪರಾಧ. ಮಾಡಿಕೊಟ್ಟವನು ಸಿಕ್ಕಿಬೀಳುವುದಿಲ್ಲ, ನೀವು ಬೀಳುತ್ತೀರಿ. ಮೇಲೆ ಒಬ್ಬ ತಾಯಿ ನಿಜವಾಗಿ ವರ್ಷಗಟ್ಟಲೆ ಅಲ್ಲಿ ಬದುಕಿದ್ದಾರೆ. ಇಂಥ ಸುಳ್ಳು ಅರ್ಜಿಗಳ ರಾಶಿಯಲ್ಲಿ ಅವರ ಅರ್ಜಿ ಕೆಳಗೆ ಹೋಗುತ್ತದೆ. ಈ ಉಪಾಯಗಳನ್ನು ಇಲ್ಲಿ ಹಾಕಬೇಡಿ.

ಪುರಸಭೆ ವಾರ್ಡಿನವರು: ನಮ್ಮದು ಪಟ್ಟಣ ಸರ್. ನಮಗೆ ಗ್ರಾಮಸಭೆ ಇಲ್ಲವಲ್ಲ?

ಪಿಡಿಒ: ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆರಿಸುತ್ತದೆ. ಅರ್ಜಿ ಪುರಸಭೆಗೆ ಕೊಡಿ. ಸಮಿತಿ ಸಭೆಯ ನಡಾವಳಿಯನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಡೈರಿ ಅಣ್ಣ: ಒಂದು ಮಾತು ಕೇಳ್ತೀನಿ, ಬೇಜಾರು ಬೇಡ. ಮನೆ ಎಲ್ಲ ಎಸ್‌ಸಿ ಎಸ್‌ಟಿಗೇ ಹೋಗುತ್ತೆ. ನಮ್ಮಲ್ಲೂ ಬಡವರಿಲ್ವಾ?

ಲೈಬ್ರರಿ ಮೇಡಂ: ಎಲ್ಲ ಅಂದರೆ ಎಷ್ಟು ಅಣ್ಣ? ನಿಮ್ಮೂರ ಪಟ್ಟಿ ನೋಡಿದ್ದೀರಾ?

ಡೈರಿ ಅಣ್ಣ: ನೋಡೋದೇನು, ಕಣ್ಣಿಗೆ ಕಾಣಲ್ವಾ.

ಲೈಬ್ರರಿ ಮೇಡಂ: ಕಣ್ಣಿಗೆ ಕಾಣುವುದು ಇದೂ ಇದೆ. ಹೊಸ ನಿವೇಶನ ಹಂಚಿದಾಗಲೆಲ್ಲ ನಮ್ಮವರಿಗೆ ಹಳ್ಳದ ಕಡೆಯ ಸಾಲು. ನಲ್ಲಿ ನೀರು ಕೊನೆಗೆ ಬರುವುದು ನಮಗೆ. ಅದನ್ನು ಯಾರೂ ಕೇಳಲ್ಲ.

ಡೈರಿ ಅಣ್ಣ: ಎಲ್ಲದಕ್ಕೂ ಜಾತಿ ತರಬೇಡಿ ಮೇಡಂ.

ಲೈಬ್ರರಿ ಮೇಡಂ: ಮೊದಲು ತಂದಿದ್ದು ಯಾರು? ಮೇಲೆ ಓದಿ.

ಪಿಡಿಒ: ಇಬ್ಬರೂ ಕೇಳಿ. ಆವಾಸ್ ಗ್ರಾಮೀಣದ ಮಾರ್ಗಸೂಚಿಯಲ್ಲಿ ಪರಿಶಿಷ್ಟರಿಗೆ ನೂರಕ್ಕೆ 60 ಅಂತ ಗುರಿ ಇದೆ. ಉಳಿದದ್ದು ಬೇರೆಯವರಿಗೆ. ಹಾಗಾಗಿ "ಎಲ್ಲ" ಅನ್ನುವುದು ಸುಳ್ಳು. ಯಾಕೆ 60 ಅಂದರೆ, ಗುಡಿಸಲುಗಳು ಯಾವ ಕೇರಿಯಲ್ಲಿ ಜಾಸ್ತಿ ಇವೆ ಅಂತ ಒಮ್ಮೆ ನಡೆದು ನೋಡಿ ಬನ್ನಿ.

ಮೇಡಂ ಹೇಳಿದ ಸಾಲಿನ ವಿಷಯ ನನಗೆ ಚೆನ್ನಾಗಿ ಗೊತ್ತು. ನಾನಿದ್ದ ಒಂದು ಊರಲ್ಲಿ ನಿವೇಶನ ಹಂಚುವಾಗ ನಕ್ಷೆ ಮೇಲೆ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದಿದ್ದರು, ಇಲ್ಲಿವರೆಗೆ ಇವರು, ಅಲ್ಲಿಂದಾಚೆ ಅವರು ಅಂತ. ನಾನು ಒಪ್ಪಲಿಲ್ಲ. ಶಾಲೆಯಿಂದ ತಾಮ್ರದ ಬಿಂದಿಗೆ ತರಿಸಿ, ನಿವೇಶನದ ನಂಬರ್ ಬರೆದ ಚೀಟಿ ಹಾಕಿ, ಸಭೆ ಮುಂದೆಯೇ ಮೂರನೇ ಕ್ಲಾಸಿನ ಹುಡುಗಿ ಕೈಲಿ ಎತ್ತಿಸಿದೆವು. ಬಿಂದಿಗೆ ಬಾಯಿ ಚಿಕ್ಕದು, ಅವಳ ಕೈ ಮಾತ್ರ ಹೋಗುತ್ತಿತ್ತು. ಪ್ರತಿ ನಂಬರನ್ನೂ ಜೋರಾಗಿ ಓದಿ, ಆಗಲೇ ಪುಸ್ತಕಕ್ಕೆ ಬರೆದೆವು. ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವ ಹೊತ್ತಾಯಿತು. ಇಬ್ಬರು ಎದ್ದುಹೋದರು, ಬೈದರು. ಇವತ್ತು ಆ ಬಡಾವಣೆಯಲ್ಲಿ ಸಾಲು ಅಂತ ಇಲ್ಲ. ಒಂದೇ ಬೀದಿಯಲ್ಲಿ ಎಲ್ಲರೂ ಇದ್ದಾರೆ. ನಿಮ್ಮ ಗ್ರಾಮಸಭೆಯಲ್ಲೂ ಚೀಟಿ ಎತ್ತಿಸಿ ಅಂತ ಕೇಳಿ. ಕೇಳುವ ಹಕ್ಕು ಇದೆ.

ಡೈರಿ ಅಣ್ಣ: ನೀವೂ ಅವರ ಕಡೆನೇ ಮಾತಾಡ್ತೀರಿ ಬಿಡಿ.

ನರ್ಸಿಂಗ್ ವಿದ್ಯಾರ್ಥಿನಿ: ಸರ್, ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಅಡ್ವಾನ್ಸ್ ಒಪ್ಪಿದ ಮೇಲೆ "ನಿಮ್ಮದು ಯಾವ ಜನ" ಅಂದರು. ಹೇಳಿದೆ. ಮಾರನೇ ದಿನ ಮನೆ ಬೇರೆಯವರಿಗೆ ಆಯ್ತು ಅಂದರು. ಬೋರ್ಡ್ ಇನ್ನೂ ನೇತಾಡ್ತಿದೆ.

ಬಾಡಿಗೆ ಮನೆ ಮಾಲೀಕರು: ಅವರ ಮನೆ, ಅವರಿಷ್ಟ. ಬಲವಂತ ಮಾಡೋಕಾಗುತ್ತಾ?

ಪಿಡಿಒ: ಎಲ್ಲ ಅವರಿಷ್ಟ ಅಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಮನೆಯಲ್ಲಿ ವಾಸ ಮಾಡದಂತೆ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಅದು ಶಿಕ್ಷೆಯಾಗುವ ತಪ್ಪು. ಮಗಳೇ, ಫೋನಿನಲ್ಲಿ ಬಂದ ಮೆಸೇಜ್ ಅಳಿಸಬೇಡ. ಬೋರ್ಡಿನ ಫೋಟೋ ತೆಗೆದಿಟ್ಟುಕೋ. ಸಮಾಜ ಕಲ್ಯಾಣ ಇಲಾಖೆ ತಾಲ್ಲೂಕು ಕಚೇರಿಗೆ ಹೋಗು.

ಬಾಡಿಗೆ ಮನೆ ಮಾಲೀಕರು: ಹಾಗಾದ್ರೆ ನಾಳೆಯಿಂದ ಯಾರೂ ಬಾಡಿಗೆಗೇ ಕೊಡಲ್ಲ.

ಲೈಬ್ರರಿ ಮೇಡಂ: ಕೊಡಬೇಡಿ. ನಿಮ್ಮ ಬೋರ್ಡೂ ತೆಗೆಯಿರಿ.

ಬಾಡಿಗೆ ಮನೆ ಮಾಲೀಕರು: ನೀವು ಯಾರ್ರೀ ನನಗೆ ಹೇಳೋಕೆ?

ಅಡ್ಮಿನ್: ಸಾಕು. ಇಬ್ಬರ ಮುಂದಿನ ಮೆಸೇಜನ್ನು ತೆಗೆದಿದ್ದೇನೆ.

ಕೂಲಿ ಕೆಲಸದ ತಾಯಿ: ಸರ್ ನಾವು ಬೆಂಗಳೂರಲ್ಲಿ ಗಾರೆ ಕೆಲಸ. ಹಬ್ಬಕ್ಕೆ ಮಾತ್ರ ಊರಿಗೆ ಬರುವುದು. ಊರಲ್ಲಿ ಇಲ್ಲ ಅಂತ ಪಟ್ಟಿಯಿಂದ ಹೆಸರು ತೆಗೆದರು. ನಾವೆಲ್ಲಿಗೆ ಹೋಗುವುದು?

ಮೇಸ್ತ್ರಿ: ಸರ್ ಆವಾಸ್ ಗ್ರಾಮೀಣದಲ್ಲಿ ಕೊಡುವ 1.20 ಲಕ್ಷದಲ್ಲಿ ಮನೆ ಆಗುತ್ತಾ ನೀವೇ ಹೇಳಿ. ಸಿಮೆಂಟ್, ಕಬ್ಬಿಣಕ್ಕೇ ಸಾಲಲ್ಲ.

ಪಿಡಿಒ: ಪೂರ್ತಿ ಆಗುವುದಿಲ್ಲ. ಕನಿಷ್ಠ 25 ಚದರ ಮೀಟರ್ ಕಟ್ಟಬೇಕು. ಜನ ಆಸೆಗೆ ದೊಡ್ಡ ತಳಪಾಯ ಹಾಕಿ ಲಿಂಟಲ್‌ಗೇ ನಿಲ್ಲಿಸುತ್ತಾರೆ. ಅದರಲ್ಲಿ ನಿಮ್ಮಂಥ ಮೇಸ್ತ್ರಿಗಳ ಪಾಲೂ ಇದೆ. ಚಿಕ್ಕದಾಗಿ ಕಟ್ಟಿ ಮುಗಿಸಿ ಅಂತ ನೀವೇ ಹೇಳಿ.

ಮೇಸ್ತ್ರಿ: ನಾವೇನು ಮಾಡಿದ್ವಿ ಸರ್? ಅವರು ಹೇಳಿದ ಅಳತೆ ಹಾಕ್ತೀವಿ.

ಸ್ಟುಡಿಯೋ ಮಂಜಣ್ಣ: *ಬ್ರೇಕಿಂಗ್: ಮನೆ ಸಹಾಯಧನ 5 ಲಕ್ಷಕ್ಕೆ ಏರಿಕೆ!! ಈ ಮೆಸೇಜ್ ತೋರಿಸಿದರೆ ಪಂಚಾಯಿತಿಯಲ್ಲಿ ಅರ್ಜಿ ಸಿಗುತ್ತದೆ.*

ಪಿಡಿಒ: ಮಂಜಣ್ಣ, ನಿಮಗೆ ಒಮ್ಮೆ ಹೇಳಿದೆ. ಇದನ್ನು ನಂಬಿ ಒಬ್ಬರು ಕೂಲಿ ಬಿಟ್ಟು ಬಸ್ ಚಾರ್ಜ್ ಹಾಕಿಕೊಂಡು ಕಚೇರಿಗೆ ಹೋಗುತ್ತಾರೆ. ಅವರ ಒಂದು ದಿನದ ಸಂಬಳ ನೀವು ಕೊಡುತ್ತೀರಾ?

ಹೊಸ ಸದಸ್ಯೆ: ಪಟ್ಟಿ ಎಲ್ಲಿ ನೋಡೋದು ಸರ್?

ಪಿಡಿಒ: ಪಂಚಾಯಿತಿ ನೋಟಿಸ್ ಬೋರ್ಡ್.

ಹೊಸ ಸದಸ್ಯೆ: ಫೋನಲ್ಲಿ ಆಗಲ್ವಾ?

ಪಿಡಿಒ: ಮೊದಲು ಬೋರ್ಡ್ ನೋಡಿ.

ಬಿಸಿಯೂಟದ ಅಕ್ಕ: ಸರ್, ಅರ್ಜಿ ಬರೆಸಿದೆ, ಎರಡು ಪ್ರತಿ. ಮಗಳೇ ಬರೆದಳು. ಗುರುವಾರ ಸಭೆ ಅಂತ ಡಂಗುರ ಹೊಡೆದರು. ಬಿಸಿಯೂಟ ಮುಗಿಸಿ ಹೋಗುವಷ್ಟರಲ್ಲಿ ಎರಡೂವರೆ ಆಗುತ್ತೆ. ಸಭೆ ಹನ್ನೊಂದಕ್ಕೆ.

ಪಿಡಿಒ: ಹೆಡ್‌ಮಾಸ್ಟರ್ ಹತ್ತಿರ ಮುಂಚೆಯೇ ಅನುಮತಿ ಕೇಳಿ. ಕೊಡದಿದ್ದರೆ ನನಗೆ ತಿಳಿಸಿ, ನಾನೇ ಮಾತಾಡುತ್ತೇನೆ. ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ, ಮುಂದಿನ ಸಾಲಲ್ಲಿ ಕೂರಿ. ಸೀಲು ಹಾಕಿಸಿಕೊಂಡ ಪ್ರತಿಯ ಫೋಟೋ ಸಂಜೆ ನನಗೆ ಬೇರೆಯಾಗಿ ಕಳಿಸಿ, ಗುಂಪಿಗೆ ಹಾಕಬೇಡಿ.

ಟೈಲರ್ ಅಕ್ಕ: ನಾನು ಬರ್ತೀನಿ ಅಕ್ಕ. ಅವತ್ತು ಅಂಗಡಿ ಬಾಗಿಲು ಹಾಕ್ತೀನಿ.

ಬಿಸಿಯೂಟದ ಅಕ್ಕ: ಹಾಗಾದ್ರೆ ಹತ್ತೂವರೆಗೆ ಶಾಲೆ ಗೇಟಿನ ಹತ್ತಿರ ನಿಂತಿರ್ತೀನಿ.

ಕೂಲಿ ಕೆಲಸದ ತಾಯಿ: ಸರ್ ನನ್ನದಕ್ಕೆ ಉತ್ತರ?